ಸೊನ್ನೆಯ ಕೆಳಗಿನ ನೋವು

ನೋವಿಗೆ ಪುರಾವೆ ಒದಗಿಸಬೇಕು ಎಂದು ಸರ್ಕಾರ ತೀರ್ಮಾನಿಸಿದ ವರ್ಷವೇ ನೀಲಗಂಗಾ ಹಂಪಣ್ಣವರ ಯಕೃತ್ತಿನಲ್ಲಿ ನಿಂಬೆಹಣ್ಣಿನ ಗಾತ್ರದ ಕ್ಯಾನ್ಸರ್ ಗಡ್ಡೆ ಪತ್ತೆಯಾಯಿತು. ನಿಯಮವೂ ಗಡ್ಡೆಯೂ ಪೈಪೋಟಿಯ ಮೇಲೆ ಬೆಳೆದವು. ಗಡ್ಡೆ ಮೋಸಂಬಿಯಾಗುವ ಹೊತ್ತಿಗೆ ನಿಯಮ ಹದಿನಾರು ಪುಟವಾಗಿತ್ತು.

ನ್ಯಾಯವಾಗಿ ಹೇಳಬೇಕೆಂದರೆ, ನಿಯಮ ಹುಟ್ಟಿದ್ದು ಒಳ್ಳೆಯ ಉದ್ದೇಶಕ್ಕೇ. ಅದಕ್ಕೂ ಮುಂಚೆ ವೈದ್ಯರು "ಹತ್ತಕ್ಕೆ ಎಷ್ಟು ನೋವು?" ಎಂದು ಬಾಯಿಬಿಟ್ಟು ಕೇಳುತ್ತಿದ್ದರು. ಕಿರುಚುವವರು ಹತ್ತಕ್ಕೆ ಹನ್ನೆರಡು ಎನ್ನುತ್ತಿದ್ದರು, ಹಲ್ಲು ಕಚ್ಚುವವರು ಮೂರು ಎನ್ನುತ್ತಿದ್ದರು. ಹೀಗಾಗಿ ಮಾರ್ಫಿನ್ ಮಾತ್ರೆ ಗಡ್ಡೆ ದೊಡ್ಡದಿದ್ದವರಿಗಲ್ಲ, ಗಂಟಲು ದೊಡ್ಡದಿದ್ದವರಿಗೆ ಸಿಗುತ್ತಿತ್ತು. ಇದನ್ನು ಸರಿಪಡಿಸಲು ಒಂದು ಸಮಿತಿ ಕೂತಿತು. ತನಗೇ ಬೆನ್ನುನೋವು ಬರುವಷ್ಟು ದಿನ ಕೂತಿತು. ಎದ್ದಾಗ ಅದರ ಕೈಯಲ್ಲಿ 'ವೇದನಾಮಿತ್ರ' ಎಂಬ ಯಂತ್ರವಿತ್ತು. ಈ ಮಿತ್ರ ರೋಗಿಯ ಕಡೆಯವನೋ ವೇದನೆಯ ಕಡೆಯವನೋ ಎಂಬುದನ್ನು ಸುತ್ತೋಲೆ ಹೇಳಲಿಲ್ಲ.

ವೇದನಾಮಿತ್ರ ಎಂದರೆ ಮಣಿಕಟ್ಟಿಗೊಂದು ಪಟ್ಟಿ, ಹಾಸಿಗೆಯ ಪಕ್ಕಕ್ಕೊಂದು ಪೆಟ್ಟಿಗೆ. ಪಟ್ಟಿ ಬೆವರು, ನಾಡಿ, ಚರ್ಮದಲ್ಲಿ ಹರಿದಾಡುವ ಸಣ್ಣ ವಿದ್ಯುತ್ತು ಎಲ್ಲವನ್ನೂ ಅಳೆಯುತ್ತದೆ. ಒಬ್ಬೊಬ್ಬರ ಮೈ ಒಂದೊಂದು ಥರ. ಆದ್ದರಿಂದ ಕಟ್ಟಿ ಚಾಲೂ ಮಾಡಿದ ಮೊದಲ ಮೂರು ನಿಮಿಷ ಅದು ಆ ಮನುಷ್ಯನ 'ಸಹಜ ಸ್ಥಿತಿ'ಯನ್ನು ಕಲಿತು, ಅದನ್ನೇ ಸೊನ್ನೆ ಎಂದು ಬರೆದಿಟ್ಟುಕೊಳ್ಳುತ್ತದೆ. ಅಲ್ಲಿಂದ ಮೇಲಕ್ಕೆ ಹೋದದ್ದೆಲ್ಲ ನೋವು. ಆರು ಮುಟ್ಟಿದರೆ ಪೆಟ್ಟಿಗೆ ಬಾಯಿ ತೆರೆದು ಮಾತ್ರೆ ಉಗುಳುತ್ತದೆ. ಆರರೊಳಗಿದ್ದರೆ ಹಸಿರು ದೀಪ ಹಚ್ಚಿ ಬುದ್ಧಿ ಹೇಳುತ್ತದೆ.

"ನೋವಿನ ಮಟ್ಟ: ಎರಡು. ದಯವಿಟ್ಟು ದೀರ್ಘವಾಗಿ ಉಸಿರು ಎಳೆದುಕೊಳ್ಳಿ" ಎಂದಿತು ಪೆಟ್ಟಿಗೆ, ಒಂದು ಮಂಗಳವಾರ ಮಧ್ಯಾಹ್ನ.

"ಉಸಿರು ಎಳಕೊಂಡ್ರನ ನೋಯೋದು, ಮುಂಡೇದೆ" ಎಂದರು ನೀಲಗಂಗಾ.

ಅದು ಸತ್ಯ. ಯಕೃತ್ತಿಗೆ ಸ್ವಂತ ನೋವಿಲ್ಲ. ಅದನ್ನು ಸುತ್ತಿದ ತೆಳು ಪೊರೆಗೆ ಇದೆ. ಗಡ್ಡೆ ಉಬ್ಬಿದಂತೆ ಪೊರೆ ಡೊಳ್ಳಿನ ಚರ್ಮದ ಹಾಗೆ ಬಿಗಿಯುತ್ತದೆ. ಉಸಿರೆಳೆದಾಗ ಮೇಲಿನಿಂದ ವಪೆ ಎಂಬ ಉಸಿರಿನ ಸ್ನಾಯು ಬಂದು ಒತ್ತುತ್ತದೆ. ನೋವು ಹುಟ್ಟುವುದು ಪಕ್ಕೆಯ ಕೆಳಗೆ, ತಲುಪುವುದು ಬಲ ಭುಜಕ್ಕೆ. ತಪ್ಪು ವಿಳಾಸಕ್ಕೆ ಬರುವ ಅಂಚೆ. ಆದರೆ ದಿನಾ ಬರುತ್ತದೆ.

ಎದುರಿಗೆ ಗಂಡ ಗುರುಪಾದಪ್ಪ ತಟ್ಟೆ ಹಿಡಿದು ಕೂತಿದ್ದರು. ತಟ್ಟೆಯಲ್ಲಿ ಒಂದು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ. ನೀಲಗಂಗಾ ಗೋಡೆಗೆ ಒರಗಿ, ನೆಟ್ಟಗಾಗಿ, ಎರಡು ತುತ್ತು ತಿಂದು, ಬಲಕ್ಕೆ ಬಾಗಿ, ಹಾಸಿಗೆ ಹಿಡಿದರು. ಮೂರನೇ ತುತ್ತು ಗುರುಪಾದಪ್ಪನ ಕೈಯಲ್ಲೇ ಉಳಿಯಿತು.

"ಒಂದು ರೊಟ್ಟಿ" ಎಂದರು ನೀಲಗಂಗಾ, ಕಣ್ಣು ಮುಚ್ಚಿಕೊಂಡೇ. "ಡಾಕ್ಟರ್ ನನಗ ನಾಕೈದು ತಿಂಗಳು ಅಂದಾರ. ಆಗಲಿ. ಸಾಯೋದು ನನ್ನ ಕೆಲಸ, ಮಾಡ್ತೀನಿ. ಆದ್ರ ಸಾಯೋತನಕ ಒಂದು ರೊಟ್ಟಿ ಮುಗಿಯೋವರೆಗೂ ನೆಟ್ಟಗ ಕುಂದ್ರಬೇಕು ನಾನು. ಅಷ್ಟ ಸಾಕು."

"ಪೆಟ್ಟಿಗಿ ಒಡದು ಬಿಡ್ಲೇನು?"

"ಒಡದ್ರ ನಾಳಿ ಮಾತ್ರಿ ಯಾರ್ ತುಂಬ್ತಾರ? ಸುಮ್ನಿರ್ರಿ."

ಈ ಹೆಂಗಸು ಯಂತ್ರಕ್ಕೆ ಹೆದರುವವರಲ್ಲ ಎಂಬುದಕ್ಕೆ ಇತಿಹಾಸವಿತ್ತು. ಅವರು ಮೂವತ್ತಾರು ವರ್ಷ ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್ ಆಗಿದ್ದವರು. ಹಿರೇಗೊಂಡಿಯ ಮೆಣಸಿನಕಾಯಿ ಪೇಟೆಯಲ್ಲಿ ಅವರನ್ನು 'ಕಾಟಾ ಬಾಯಾರು', ಅಂದರೆ ತಕ್ಕಡಿ ಮೇಡಂ, ಎನ್ನುತ್ತಿದ್ದರು. ಕಾಟಾ ಇದ್ದವರಿಗೆಲ್ಲ ಅವರ ಕಾಟ ಇತ್ತು. ತಟ್ಟೆಯ ಕೆಳಗೆ ಹುಣಸೆಹಣ್ಣು ಮೆತ್ತಿದವರು, ಒಳಗೆ ಟೊಳ್ಳು ಕೊರೆದ ಕಲ್ಲು ಇಟ್ಟವರು, ಲೀಟರಿನ ತಳ ಬಡಿದು ಉಬ್ಬಿಸಿದವರು ಎಲ್ಲರೂ ಅವರ ಕೈಗೆ ಸಿಕ್ಕಿದ್ದರು. ಗುರುಪಾದಪ್ಪನೂ ಹಾಗೇ ಸಿಕ್ಕಿದ್ದು. ಅವರ ಅಂಗಡಿಯ ತಕ್ಕಡಿಯಡಿ ಅಯಸ್ಕಾಂತ ಇತ್ತು. ಅಯಸ್ಕಾಂತ ಅಪ್ಪನ ಕಾಲದ್ದು ಎಂದು ಅವರು ಇವತ್ತಿಗೂ ಆಣೆ ಮಾಡುತ್ತಾರೆ; ಆಕರ್ಷಣೆ ಮಾತ್ರ ತಮ್ಮ ಕಾಲದ್ದೇ ಎಂದು ಒಪ್ಪುತ್ತಾರೆ.

ಬುಧವಾರ ಇಬ್ಬರೂ ಆಟೋದಲ್ಲಿ ನೋವು ನಿವಾರಣಾ ಘಟಕಕ್ಕೆ ಹೋದರು. ಡಾಕ್ಟರ್ ಇಮ್ತಿಯಾಜ್ ಸವಣೂರ ಅವರ ಕೋಣೆಯಲ್ಲಿ ಗೋಡೆಯಗಲದ ಪರದೆ. ಅದರ ಮೇಲೆ ನಲವತ್ತಮೂರು ಚುಕ್ಕೆಗಳು, ಜಿಲ್ಲೆಯ ನಲವತ್ತಮೂರು ರೋಗಿಗಳು, ಎಲ್ಲವೂ ಹಸಿರು. ಜೋಳದ ಹೊಲದ ಹಾಗೆ ಕಂಗೊಳಿಸುತ್ತಿತ್ತು.

"ಎಲ್ಲಾರೂ ಆರಾಮ ಅದಾರ ನೋಡ್ರಿ" ಎಂದರು ಡಾಕ್ಟರ್, ತಾವೇ ನಂಬದ ದನಿಯಲ್ಲಿ. ಅವರಿಗೆ ಮೂವತ್ತನಾಲ್ಕು ವರ್ಷ. ಕಣ್ಣ ಕೆಳಗಿನ ಕಪ್ಪಿಗೆ ಐವತ್ತು.

"ನನ್ನ ಮುಖ ನೋಡಿ ಹೇಳ್ರಿ ಡಾಕ್ಟರ."

ಡಾಕ್ಟರ್ ನೋಡಿದರು. ನೋಡಿ ಪೆನ್ನು ನೋಡಿದರು. "ನಂಗ ಗೊತ್ತೈತ್ರಿ ಬಾಯಾರ. ಆದ್ರ ಮೀಟರ್ ಆರು ಅನ್ನೋತನಕ ನಾ ಮಾರ್ಫಿನ್ ಬರದ್ರ ನನ್ನ ಕೈಗೆ ಬೇಡಿ. ಮ್ಯಾಲೆ ನಿಮ್ಮ ಲಿವರ್ ಸುಸ್ತಾಗೈತಿ. ಔಷಧ ಬ್ಯಾಗ ಕರಗಂಗಿಲ್ಲ, ಮೈಯಾಗ ಉಳೀತೈತಿ. ಸಣ್ಣ ಡೋಸ್, ದೂರ ದೂರ ಕೊಡ್ಬೇಕು. ಮಲಬದ್ಧತಿ ಆಗದಂಗ ಬ್ಯಾರೆ ನೋಡ್ಕೋಬೇಕು, ಇಲ್ಲಂದ್ರ ಮೈಯಾಗಿನ ನಂಜು ತಲಿಗೇರ್‍ತೈತಿ."

"ಅದು ಲೆಕ್ಕಾಚಾರ. ಒಪ್ಪಿದೆ. ಸಣ್ಣದು ಕೊಡ್ರಿ, ದೂರ ದೂರ ಕೊಡ್ರಿ. ಆದ್ರ ಕೊಡ್ರಿ."

"ಆರು ಬರಬೇಕ್ರಿ."

ಆಮೇಲೆ ಮಾತು ಬದಲಿಸಲು ಡಾಕ್ಟರ್ ಒಂದು ಒಳ್ಳೆಯ ಸುದ್ದಿ ಹೇಳಿದರು. "ಹೋದ ತಿಂಗಳು ನಿಮ್ಮ ಹೊಟ್ಟಿ ನೀರು ತಗದು, ಬಾವು ಇಳೀಲಿ ಅಂತ ಇಂಜೆಕ್ಷನ್ ಕೊಟ್ಟಿದ್ವಲ್ಲ? ಎರಡು ದಿನ ನಿಮಗ ಬರೋಬ್ಬರಿ ಆರಾಮ ಆಗಿತ್ತು. ಆವಾಗ ನಿಮ್ಮ ಮೀಟರ್ ಮೈನಸ್ ನಾಕ ತೋರ್ಸಿತ್ತು, ನೆನಪೈತೇನ್ರಿ?"

"ಹೂಂ. ಏನೋ ಕೆಟ್ಟೈತಿ ಅಂದಿದ್ರಿ."

"ಹೌದ್ರಿ. ಕಂಪನಿಯವ್ರು ಅದನ್ನ ರಿಪೇರಿ ಮಾಡ್ಯಾರ. ಇನ್ಮ್ಯಾಲೆ ಸೊನ್ನಿಗಿಂತ ಕೆಳಗ ಹೋಗಂಗಿಲ್ಲ."

ನೀಲಗಂಗಾ ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಭುಜಕ್ಕೆ ಅಂಚೆ ಬಂತು. ಮಾತು ಅಲ್ಲೇ ಉಳಿಯಿತು.

ಹೊರಡುವಾಗ ಡಾಕ್ಟರ್ ಒಂದು ಆಹ್ವಾನಪತ್ರ ಕೊಟ್ಟರು. ಶನಿವಾರ ಪರಿಶೀಲನಾ ಸಭೆ. ನೋಡಲ್ ಅಧಿಕಾರಿ ಸದಾಶಿವ ಅರಕೇರಿ ಬರುತ್ತಾರೆ. ಫಲಾನುಭವಿಗಳು ಪೆಟ್ಟಿಗೆ ಸಮೇತ ಹಾಜರಿರತಕ್ಕದ್ದು. ಉಪಾಹಾರ ಉಂಟು.

"ಫಲಾನುಭವಿ!" ಎಂದರು ಗುರುಪಾದಪ್ಪ ಆಟೋದಲ್ಲಿ. "ಫಲ ಅವರಿಗೆ, ಅನುಭವ ನಮಗ."

ಯಕೃತ್ತಿನ ಕಾಯಿಲೆಯಲ್ಲಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಎಷ್ಟು ತುಂಬಿತು ಎಂದು ತಿಳಿಯಲು ದಿನಾ ಬೆಳಿಗ್ಗೆ ತೂಕ ನೋಡಬೇಕು. ಮನೆಯ ಸಣ್ಣ ತೂಕದ ಯಂತ್ರ ಗುರುವಾರ ಕೈಕೊಟ್ಟಿತು. ಗುರುಪಾದಪ್ಪ ಅಂಗಡಿಯಿಂದ ಮೆಣಸಿನಕಾಯಿ ಚೀಲ ತೂಗುವ ಎಲೆಕ್ಟ್ರಾನಿಕ್ ಕಾಟಾವನ್ನೇ ಹೊತ್ತು ತಂದರು. ಅದನ್ನು ಪಡಸಾಲೆಯಲ್ಲಿ ಇಟ್ಟ ಕೂಡಲೇ ಇಬ್ಬರಿಗೂ ಸೀನು.

"ಮ್ಯಾಲ ಹತ್ತು" ಎಂದರು ಗುರುಪಾದಪ್ಪ.

ನೀಲಗಂಗಾ ಗಂಡನ ಹೆಗಲು ಹಿಡಿದು ಹತ್ತಿ, ಕೈ ಬಿಟ್ಟು ನಿಂತರು. ಗುರುಪಾದಪ್ಪ ಬಗ್ಗಿ ಗುಂಡಿಯೊಂದನ್ನು ಒತ್ತಿ, ಪರದೆ ನೋಡಿ, ನಗಲು ಶುರುಮಾಡಿದರು.

"ಗಂಗಾ, ಸೊನ್ನಿ! ಸೊನ್ನಿ ಕೆಜಿ! ನೀ ಇಲ್ಲೇ ಇಲ್ಲ!"

"ಏನ್ ಒತ್ತಿದ್ರಿ?"

"ಕೈ ರೂಢಿ ಮಾರಾಯ್ತಿ. ಅಂಗಡ್ಯಾಗ ಮೊದ್ಲು ಖಾಲಿ ಡಬ್ಬಿ ಇಡ್ತೀವಿ, ಸೊನ್ನಿ ಒತ್ತತೀವಿ, ಆಮ್ಯಾಲೆ ಕಾಯಿ ಸುರೀತೀವಿ. ನಿನ್ನ ಡಬ್ಬಿ ಅಂತ ತಿಳಕೊಂತು ಕೈ. ಇಳಿ, ಮತ್ತ ಹತ್ತು."

ನೀಲಗಂಗಾ ಇಳಿದರು. ಕಾಟಾದ ಪರದೆಯ ಮೇಲೆ ಕೆಂಪು ಅಂಕಿ: ಮೈನಸ್ ಐವತ್ತೆಂಟು.

ಅವರು ಮತ್ತೆ ಹತ್ತಲಿಲ್ಲ. ಆ ಅಂಕಿಯನ್ನೇ ನೋಡುತ್ತ ನಿಂತರು. ಗುರುಪಾದಪ್ಪ ನಗು ನಿಲ್ಲಿಸಿದರು. ನಲವತ್ತು ವರ್ಷದ ಹಿಂದೆ ಇದೇ ಮುಖ ಅವರ ತಕ್ಕಡಿಯ ಕೆಳಗೆ ಕೈ ಹಾಕಿತ್ತು.

"ರೀ, ಕಾಟಾ ಮೈನಸ್ ಯಾವಾಗ ತೋರಸ್ತೈತಿ?"

"ಸೊನ್ನಿ ಒತ್ತುವಾಗ ತಟ್ಟಿ ಮ್ಯಾಲಿದ್ದದ್ದನ್ನ ಆಮ್ಯಾಲೆ ತಗದ್ರ."

"ಮತ್ತ ನನ್ನ ಮೀಟರ್ ಮೈನಸ್ ನಾಕ ತೋರ್ಸಿದ್ದು?"

ಗುರುಪಾದಪ್ಪ ಕಾಟಾ ನೋಡಿ, ಹೆಂಡತಿಯ ಮಣಿಕಟ್ಟಿನ ಪಟ್ಟಿ ನೋಡಿದರು.

"ಅದು ಕೆಟ್ಟಿರಲಿಲ್ರಿ" ಎಂದರು ನೀಲಗಂಗಾ. " ಎಂಟು ತಿಂಗಳಾಗ ಅದು ಖರೇ ಹೇಳಿದ್ದು ಅದೊಂದ ಸಲ! ಪಟ್ಟಿ ಕಟ್ಟುವಾಗ ನೋವು ತಟ್ಟಿ ಮ್ಯಾಲ ಇತ್ತು. ಅದರ ಮ್ಯಾಲ ಸೊನ್ನಿ ಒತ್ಯಾರ. ಇಂಜೆಕ್ಷನ್ ಕೊಟ್ಟಾಗ ನೋವು ಇಳೀತು, ಮೈನಸ್ ಬಂತು. ಅದನ್ನ ಅವರು ರಿಪೇರಿ ಮಾಡ್ಯಾರ!"

"ಆದ್ರ ಪಟ್ಟಿ ಕಟ್ಟಿದ ದಿನ ನೀ ಮಾತ್ರಿ ತಗೊಂಡಿದ್ರ ನೋವು ಅಷ್ಟು ಇರ್‍ತಿರಲಿಲ್ಲಲ್ಲ?"

"ತಗೊಂಡಿದ್ನಾ?"

ಅವತ್ತಿಗೆ ಘಟಕದವರು ಫೋನಿನಲ್ಲಿ ಹೇಳಿದ್ದು ಇಷ್ಟೇ: ಬೆಳಿಗ್ಗೆ ಎಂಟಕ್ಕೆ ತಪಾಸಣೆಗೆ ಬನ್ನಿ. ಆದರೆ ನಮ್ಮ ಕಡೆ ತಪಾಸಣೆ ಎಂದರೆ ಖಾಲಿ ಹೊಟ್ಟೆ. ಕಣ್ಣಿನ ತಪಾಸಣೆಗೂ ಚಹಾ ಕುಡಿಯದೆ ಹೋಗುವ ಜನ ನಾವು. ಉಂಡ ಮೇಲೆ ತೆಗೆದುಕೊಳ್ಳುವ ಮಾತ್ರೆ, ಉಣ್ಣದಿದ್ದರೆ ಹೇಗೆ ತೆಗೆದುಕೊಳ್ಳುವುದು? ನೀಲಗಂಗಾ ಅವತ್ತು ತುತ್ತು ಅನ್ನವಿಲ್ಲದೆ, ಒಂದು ಮಾತ್ರೆಯಿಲ್ಲದೆ, ಗುಂಡಿ ರಸ್ತೆಯಲ್ಲಿ ಕುಲುಕಿಕೊಂಡು ಹೋಗಿ, ಹಲ್ಲು ಕಚ್ಚಿ ಮೂರು ನಿಮಿಷ ಅಲುಗಾಡದೆ ಕೂತಿದ್ದರು. ಯಂತ್ರ ಅದನ್ನು ಅವರ 'ಸಹಜ ಸ್ಥಿತಿ' ಎಂದು ಕಲಿತಿತ್ತು. ಅದರ ಮೇಲೆ ಇನ್ನೂ ಆರು ಏರಬೇಕು ಎಂದರೆ ಮನುಷ್ಯ ಚಟ್ಟವನ್ನೇ ಏರಬೇಕು.

"ಹೊಟ್ಟಿ ಖಾಲಿ ಇಟ್ಕೊಂಡು, ತಟ್ಟಿ ತುಂಬ್ಕೊಂಡು ಹೋಗಿದ್ದೆ" ಎಂದರು ನೀಲಗಂಗಾ. "ರೀ, ಅಟ್ಟದ ಮ್ಯಾಲಿನ ನನ್ನ ಕಬ್ಬಿಣದ ಪೆಟ್ಟಿಗಿ ಇಳಸ್ರಿ. ಶನಿವಾರ ಲಸ್ಸಿ ಅಂಗಡಿಯಿಂದ ಒಂದು ಬಕೆಟ್ ಬರ್ಫ ಬೇಕು."

"ಬರ್ಫ ಯಾಕ?"

"ಕಾಟಾ ಪರೀಕ್ಷಾ ಮಾಡಾಕ ತೂಕದ ಬಟ್ಟು ಬೇಕಲ್ಲ?"

ಶನಿವಾರ ಘಟಕದ ಸಭಾಂಗಣದಲ್ಲಿ ಇಪ್ಪತ್ತಮೂರು ರೋಗಿಗಳು, ಇಪ್ಪತ್ತಮೂರು ಪೆಟ್ಟಿಗೆಗಳು. ಮುಂದೆ ಅರಕೇರಿಯವರು ಶರ್ಟಿನ ತೋಳು ಮಡಚಿ ನಿಂತಿದ್ದರು. ನೋಡಲ್ ಅಧಿಕಾರಿ ಎಂದರೆ ನೋಡಲು ಮಾತ್ರ ಅಧಿಕಾರಿ ಎಂದು ಕೆಲವರ ಅಭಿಪ್ರಾಯ. ಅವರು ನೋಡಲೂ ಚೆನ್ನಾಗಿದ್ದರು. ಕೆಟ್ಟ ಮನುಷ್ಯರೇನಲ್ಲ. ಅವರ ತಾಯಿ ಹಿಂದೆ ಹಲ್ಲು ಕಚ್ಚಿಕೊಂಡೇ ಸತ್ತವರು, ಮೂರು ಎಂದು ಹೇಳುತ್ತಲೇ. ಯಂತ್ರ ಬಂದಾಗ ಅರಕೇರಿ ಮನಃಪೂರ್ವಕ ನಂಬಿದ್ದರು.

"ನಮ್ಮ ಜಿಲ್ಲಾದಾಗ ನೋವು ಶೇಕಡಾ ಎಪ್ಪತ್ತೊಂದು ಇಳದೈತಿ" ಎಂದರು ಅವರು. ಪರದೆಯ ಮೇಲೆ ಒಂದು ಗೆರೆ ಜಾರುಬಂಡಿಯಂತೆ ಇಳಿಯಿತು. "ಚಪ್ಪಾಳೆ!"

ಕೈ ಎತ್ತಲು ಆಗದವರು ಚಪ್ಪಾಳೆ ಹೇಗೆ ತಟ್ಟಬೇಕು? ಹಿಂದಿನಿಂದ ಒಂದು ದನಿ ಬಂತು.

"ಮುದ್ರಿ ಎಲ್ಲೈತ್ರಿ?"

"ಏನ್ರಿ ಅಮ್ಮಾ?"

"ಮುದ್ರಿ. ಮುದ್ರಿ ಇಲ್ಲದ ಕಾಟಾದಾಗ ಒಂದು ಮೆಣಸಿನಕಾಯಿ ತೂಗಿದ್ರೂ ಕೇಸ್ ಐತಿ. ಇದನ್ನ ಯಾರು ಪರೀಕ್ಷಾ ಮಾಡಿ, ಯಾವ ವರ್ಷ, ಮುದ್ರಿ ಹಾಕ್ಯಾರ?" ನೀಲಗಂಗಾ ಗಂಡನ ತೋಳು ಹಿಡಿದು ಮುಂದೆ ಬಂದರು. ಗುರುಪಾದಪ್ಪನ ಇನ್ನೊಂದು ಕೈಯಲ್ಲಿ ಬಕೆಟ್ಟು, ನೀರು, ಬರ್ಫದ ಗಡ್ಡೆಗಳು.

"ಇದು ಕಾಟಾ ಅಲ್ರಿ, ವೈದ್ಯಕೀಯ ಉಪಕರಣ."

"ಅಳಿಯೋದೆಲ್ಲ ಕಾಟಾನ. ಒಂದ ಪ್ರಶ್ನಿ ಐತಿ, ಈ ಮಂದೀಗೆ." ಅವರು ತಿರುಗಿದರು. "ಪಟ್ಟಿ ಕಟ್ಟಿಸಿಕೊಳ್ಳೋ ದಿನ ಯಾರ್‍ಯಾರು ಖಾಲಿ ಹೊಟ್ಟೀಲೆ, ಮಾತ್ರಿ ತಗೊಳ್ಳದ ಬಂದಿದ್ರಿ? ಕೈ ಎತ್ತಾಕ ಆಗದವ್ರು ಹೂಂ ಅನ್ರಿ."

"ಹೂಂ" ಎಂದಿತು ಸಭೆ. ಇಪ್ಪತ್ತಮೂರು ಹೂಂ.

"ಖಾಲಿ ಹೊಟ್ಟೀಲೆ ಬರ್ರಿ ಅಂತ ನಾವು ಹೇಳೇ ಇಲ್ಲ!" ಎಂದರು ಅರಕೇರಿ.

"ಉಂಡು ಬರ್ರಿ ಅಂತನೂ ಹೇಳಿಲ್ಲ. ಈಗ ಪಟ್ಟಿ ಒಂದು ಹೊಸಾದು ತಗೀರಿ. ಯಾರಾದ್ರೂ ಗಟ್ಟಿಮುಟ್ಟಾದವರು ಕಟ್ಕೊಳ್ರಿ."

"ನಾನ ಕಟ್ಕೊಂತೀನಿ. ನಂಗೇನ್ ಹೆದರಿಕಿ?" ಅರಕೇರಿ ಎಡಗೈಗೆ ಪಟ್ಟಿ ಸುತ್ತಿಕೊಂಡರು.

"ಬಲಗೈ ಬಕೆಟ್ನಾಗ ಮುಳುಗಸ್ರಿ. ಒಂದು ನಿಮಿಷ ಬಿಟ್ಟು ಸೊನ್ನಿ ಹಾಕಾಕ ಹಚ್ರಿ."

ಅರಕೇರಿ ನಗುತ್ತಲೇ ಕೈ ಹಾಕಿದರು. ಅರ್ಧ ನಿಮಿಷಕ್ಕೆ ನಗು ಹೋಯಿತು. ಯಂತ್ರ 'ಸಹಜ ಸ್ಥಿತಿ' ಕಲಿಯಲು ಶುರುಮಾಡಿದಾಗ ಅವರ ಹಣೆಯ ಮೇಲೆ ಬೆವರು. ಬರ್ಫದ ನೀರಿನ ನೋವು ಕೊರೆಯುವ ನೋವು. ಮೂಳೆಯನ್ನು ಹುಡುಕಿಕೊಂಡು ಹೋಗುತ್ತದೆ.

"ಡಾಕ್ಟರ, ಇದು ಎಷ್ಟೊತ್ತು?"

"ಮೂರು ನಿಮಿಷ ಅಂತ ನಿಯಮದಾಗ ಐತ್ರಿ ಸರ್" ಎಂದರು ಇಮ್ತಿಯಾಜ್. ಬಹಳ ದಿನಗಳ ನಂತರ ಅವರ ಮುಖದಲ್ಲಿ ಮೂವತ್ತನಾಲ್ಕು ವರ್ಷ ಕಾಣಿಸಿತು.

"ಅಯ್ಯಯ್ಯಪ್ಪಾ... ನೋಯಾಕತ್ತೈತ್ರೀ!"

ಮೂರು ನಿಮಿಷ ಮುಗಿದು, ಪೆಟ್ಟಿಗೆ ಗಂಟಲು ಸರಿಮಾಡಿಕೊಂಡಿತು. "ನೋವಿನ ಮಟ್ಟ: ಸೊನ್ನೆ. ದಯವಿಟ್ಟು ದೀರ್ಘವಾಗಿ ಉಸಿರು ಎಳೆದುಕೊಳ್ಳಿ."

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ನಗುವುದಕ್ಕೂ ಪಕ್ಕೆ ಹಿಡಿಯುತ್ತದೆ, ಆದರೂ ನಕ್ಕರು. ಆಮೇಲೆ ಸಭೆಯೆಲ್ಲ ಅಯ್ಯೋ ಅಮ್ಮಾ ಎನ್ನುತ್ತ ನಕ್ಕಿತು.

"ಸುಳ್ಳು ಹೇಳ್ತೈತ್ರಿ ಇದು!" ಅರಕೇರಿ ಕೈ ಹೊರಗೆಳೆದು ಕಂಕುಳಲ್ಲಿ ಅವುಚಿಕೊಂಡರು. ಕೈಗೆ ಹಾಯೆನಿಸಿದರೂ ಪರದೆ ಮಾತ್ರ ಸೊನ್ನೆಯಲ್ಲೇ ನಿಂತಿತ್ತು. ಕೆಳಗೆ ಹೋಗುವ ದಾರಿಯನ್ನು ಕಂಪನಿ ರಿಪೇರಿ ಮಾಡಿತ್ತಲ್ಲ.

"ಸುಳ್ಳು ಹೇಳಂಗಿಲ್ಲ" ಎಂದರು ನೀಲಗಂಗಾ ಮೆತ್ತಗೆ. "ನೀವು ಹೇಳಿಕೊಟ್ಟ ಸೊನ್ನಿಯಿಂದ ಎಣಸ್ತೈತಿ. ನೀವು ನಾಕ ನಿಮಿಷ ಇದ್ದಿರಿ. ನಾವು ಎಂಟು ತಿಂಗಳಾತು ಬಕೆಟ್ನಾಗ ಅದೀವಿ."

ಅರಕೇರಿ ಕೆಂಪಾದ ಬೆರಳುಗಳನ್ನು ನೋಡಿಕೊಂಡರು. ಅವರಿಗೆ ತಾಯಿ ನೆನಪಾದರೋ ಏನೋ, ದನಿ ಇಳಿಯಿತು. "ಮ್ಯಾಲೆ ಬರೀತೀನ್ರಿ. ಹೊಸ ಸೊನ್ನಿ ಹಾಕಾಕ ಆದೇಶ ಬೇಕು. ಆರು ತಿಂಗಳು ಹಿಡೀಬಹುದು."

"ನನ್ನ ಹತ್ರ ನಾಕ ಅದಾವ." ನೀಲಗಂಗಾ ಇಮ್ತಿಯಾಜ್ ಕಡೆ ತಿರುಗಿದರು. "ಡಾಕ್ಟರ, ಯಂತ್ರ ಕೆಟ್ರ ನಿಯಮ ಏನ್ ಹೇಳ್ತೈತಿ?"

ಇಮ್ತಿಯಾಜ್‌ಗೆ ಹದಿನಾರೂ ಪುಟ ಬಾಯಿಪಾಠ. "ನಿಯಮ ಹದಿನಾಲ್ಕು: 'ಯಂತ್ರವು ಸೇವೆಯಲ್ಲಿ ಇಲ್ಲದಿದ್ದಲ್ಲಿ, ವೈದ್ಯರು ರೋಗಿಯನ್ನು ಕೇಳಿ ತೀರ್ಮಾನಿಸತಕ್ಕದ್ದು, ಪೆಟ್ಟಿಗೆಯನ್ನು ಕೀಲಿಯಿಂದ ತೆರೆಯತಕ್ಕದ್ದು.'"

ನೀಲಗಂಗಾ ಸೆರಗಿನ ಗಂಟು ಬಿಚ್ಚಿದರು. ಒಳಗೆ ಅಟ್ಟದ ಪೆಟ್ಟಿಗೆಯಿಂದ ತೆಗೆದ ಹಳೆಯ ಸೀಸದ ಬಿಲ್ಲೆಗಳು, ಸಣ್ಣ ತಂತಿ, ಒಂದು ಇಕ್ಕಳ. ಮೋಸದ ಕಾಟಾ ಸಿಕ್ಕರೆ ಬಳಸದಂತೆ ಬಿಗಿಯುತ್ತಿದ್ದ ಸೀಲು ಅದು. ತಮ್ಮ ಪೆಟ್ಟಿಗೆಯಲ್ಲಿ ಪಟ್ಟಿ ಕೂರುವ ಕಿಂಡಿಯ ಮುಚ್ಚಳಕ್ಕೆ ತಂತಿ ಪೋಣಿಸಿ, ತುದಿಗೆ ಬಿಲ್ಲೆ ಸೇರಿಸಿ, ಇಕ್ಕಳ ಹಿಡಿದರು. ಇಕ್ಕಳ ಪೂರ್ತಿ ಕೂಡಲಿಲ್ಲ. ಗುರುಪಾದಪ್ಪ ಆ ಕೈಯ ಮೇಲೆ ತಮ್ಮ ಕೈ ಇಟ್ಟರು. ಇಬ್ಬರೂ ಸೇರಿ ಒತ್ತಿದರು.

ಟಕ್.

ಪಟ್ಟಿಯ ಸಂಪರ್ಕ ಕಡಿದು ಹಸಿರು ದೀಪ ಆರಿತು. ಪರದೆಯ ಮೇಲೆ ಬಂತು: ಸೇವೆಯಲ್ಲಿ ಇಲ್ಲ.

"ನೀವು ರಿಟೈರ್ ಆಗೀರಿ! ನಿಮಗ ಅಧಿಕಾರ ಇಲ್ರಿ ಇದಕ್ಕ!" ಎಂದರು ಅರಕೇರಿ.

"ಅಧಿಕಾರ ಇಲ್ಲ, ಸೀಸ ಐತಿ. ನನ್ನ ಮ್ಯಾಲೆ ಕೇಸ್ ಹಾಕ್ರಿ. ಕೇಸು ಹನ್ನೆರಡು ವರ್ಷ ನಡೀತೈತಿ, ನಾ ಅಷ್ಟು ದಿನ ಇರಂಗಿಲ್ಲ, ತಾರೀಖಿಗೆ ನೀವೊಬ್ರ ಹೋಗ್ರಿ. ಜಡ್ಜ್ ಸಾಹೇಬ್ರು ಮೊದಲ್ನೇದಾಗಿ ಕೇಳೋದು ಏನು ಗೊತ್ತೇನ್ರಿ? ಸೊನ್ನಿ ಯಾವಾಗ ಹಾಕಿದ್ರಿ ಅಂತ."

ಅರಕೇರಿ ಒದ್ದೆ ಕೈಯಿಂದಲೇ ತಮ್ಮ ಮಣಿಕಟ್ಟಿನ ಪಟ್ಟಿ ಬಿಚ್ಚಿ ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕೂತರು. ನೋಡಲ್ ಅಧಿಕಾರಿ ನೋಡುತ್ತ ಕೂತರು. ಆ ದಿನ ಅವರು ಮಾಡಿದ ಅತ್ಯಂತ ಒಳ್ಳೆಯ ಕೆಲಸ ಅದು.

ಎರಡನೇ ಸಾಲಿನಿಂದ ಒಬ್ಬ ಬಸ್ ಡ್ರೈವರ್ ತಮ್ಮ ಪೆಟ್ಟಿಗೆಯನ್ನು ಕಾಲಿನಿಂದ ತಳ್ಳುತ್ತ ಬಂದರು. "ಬಾಯಾರ, ನಂದಕ್ಕೂ ಒಂದು ಟಕ್." ಅವರ ಹಿಂದೆ ಸಾಲು ನಿಂತಿತು.

ಇಮ್ತಿಯಾಜ್ ಜೇಬಿನಿಂದ ಕೀಲಿ ತೆಗೆದರು. ನೀಲಗಂಗಾ ಎದುರು ಮಂಡಿಯೂರಿ ಕೂತು, ಎಂಟು ತಿಂಗಳಿಂದ ಜಿಲ್ಲೆಯಲ್ಲಿ ಯಾರೂ ಯಾರನ್ನೂ ಕೇಳದ ಪ್ರಶ್ನೆಯನ್ನು ಕೇಳಿದರು.

"ಹತ್ತಕ್ಕ ಎಷ್ಟು ನೋವೈತ್ರಿ ಬಾಯಾರ?"

ನೀಲಗಂಗಾ ಕಣ್ಣು ಮುಚ್ಚಿ, ತಕ್ಕಡಿಯ ಮುಳ್ಳು ನಿಲ್ಲುವವರೆಗೆ ಕಾಯುವವರಂತೆ ಕಾದರು.

"ಒಂಬತ್ತು ಅನ್ನು" ಎಂದು ಕಿವಿಯಲ್ಲಿ ಪಿಸುಗುಟ್ಟಿದರು ಗುರುಪಾದಪ್ಪ. "ಚೌಕಾಸಿ ಮಾಡಿ ಎಂಟಕ್ಕ ಇಳಸ್ತಾರ."

"ಜೀವಮಾನದಾಗ ಒಂದು ಗ್ರಾಂ ಹೆಚ್ಚು ಹೇಳಿಲ್ಲ ನಾನು." ಕಣ್ಣು ತೆರೆದರು. "ಎಂಟು. ಸರಿಯಾಗಿ ಎಂಟು. ಬರಕೊಳ್ರಿ."

ಇಮ್ತಿಯಾಜ್ ಬರೆದುಕೊಂಡರು. ಪೆಟ್ಟಿಗೆ ತೆರೆದು, ಮಾತ್ರೆಯನ್ನು ಅರ್ಧ ಮುರಿದು ಕೊಟ್ಟರು. "ಎಂಟು ತಾಸಿಗೊಮ್ಮೆ ಅರ್ಧ. ನಿದ್ದಿ ಹೆಚ್ಚಾದ್ರ, ಮಾತು ತೊದಲಿದ್ರ ಕೂಡ್ಲೆ ಫೋನ್ ಮಾಡ್ರಿ. ದಿನಾ ನಾನೂ ಫೋನ್ ಮಾಡಿ ಕೇಳ್ತೀನಿ."

"ಕೇಳ್ರಿ" ಎಂದರು ನೀಲಗಂಗಾ. "ಕೇಳೋದ ಬೇಕಾಗಿತ್ತು."

ಭಾನುವಾರ ಮಧ್ಯಾಹ್ನ ಗುರುಪಾದಪ್ಪ ತಟ್ಟೆ ತಂದರು. ಗಡ್ಡೆ ಎಲ್ಲಿಗೂ ಹೋಗಿರಲಿಲ್ಲ. ನೋವೂ ಪೂರ್ತಿ ಹೋಗಿರಲಿಲ್ಲ. ಬಾಗಿಲ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ ಕೂತಿತ್ತು. ನೀಲಗಂಗಾ ನೆಟ್ಟಗೆ ಕೂತು ರೊಟ್ಟಿ ಮುರಿದರು. ಎರಡು ತುತ್ತು. ಮೂರು. ಗುರುಪಾದಪ್ಪ ಉಸಿರು ಬಿಗಿಹಿಡಿದು ಎಣಿಸುತ್ತಿದ್ದರು. ಹನ್ನೊಂದನೆಯದಕ್ಕೆ ರೊಟ್ಟಿ ಮುಗಿಯಿತು. ನೀಲಗಂಗಾ ತಟ್ಟೆಗೆ ಅಂಟಿದ ಪಲ್ಯವನ್ನೂ ಬೆರಳಲ್ಲಿ ಬಳಿದರು.

"ಇನ್ನೊಂದು ತರ್‍ಲೇನು?" ಗುರುಪಾದಪ್ಪ ಆಗಲೇ ಎದ್ದು ನಿಂತಿದ್ದರು.

"ತರ್‍ರಿ. ಅದಕ್ಕ ಮೊದ್ಲು ಆ ಕಾಟಾ ಈ ಕಡೆ ತಿರುಗಸ್ರಿ."

ಪಡಸಾಲೆಯ ಮೂಲೆಯಲ್ಲಿ ಮೆಣಸಿನಕಾಯಿ ಕಾಟಾ ಇನ್ನೂ ಇತ್ತು. ಗುರುಪಾದಪ್ಪ ತಿರುಗಿಸಿದರು. ನೀಲಗಂಗಾ ಕನ್ನಡಕ ಏರಿಸಿ ಅದರ ಪಕ್ಕದ ತಗಡನ್ನು ದಿಟ್ಟಿಸಿದರು.

"ಮುದ್ರಿ ಹೋದ ವರ್ಷದ್ದೈತಿ."

"ಗಂಗಾ, ನಿನ್ನ ಆರೈಕಿಯೊಳಗ ಮರತು..."

"ನಾಳಿ ಬೆಳಿಗ್ಗಿ ಹೊಸ ಮುದ್ರಿ ಹಾಕಿಸ್ಕೊಂಡು ಬರ್ರಿ." ಅವರು ಸೆರಗಿನ ಗಂಟು ಮುಟ್ಟಿ ನೋಡಿಕೊಂಡರು. "ಇಲ್ಲಾಂದ್ರ, ಸೀಸದ ಬಿಲ್ಲಿ ಇನ್ನೂ ಒಂದು ಉಳದೈತಿ."